ಮೂರನೇ ವರ್ಷದಲ್ಲಿ ಮೊದಲ ವರ್ಷದ ಪಾಠ

ಪಶುವೈದ್ಯೆ ಆಗುತ್ತೇನೆ ಎಂದು ಮಗಳು ಮೊದಲು ಹೇಳಿದಾಗ ಅವಳು ಹನ್ನೊಂದನೇ ಕ್ಲಾಸಿನಲ್ಲಿದ್ದಳು. ದೋಹಾದ ಬಿನ್ ಮಹಮೂದ್‌ನಲ್ಲಿ ನಮ್ಮದು ಎರಡನೇ ಮಹಡಿಯ ಫ್ಲ್ಯಾಟು. ಕೆಳಗೆ ಕಸದ ಡಬ್ಬಿಗಳ ಸುತ್ತ ಸದಾ ಏಳೆಂಟು ಬೆಕ್ಕುಗಳು. ಯಾವುದರ ಕಣ್ಣಲ್ಲಿ ಕೀವು, ಯಾವುದು ಬಸುರಿ, ಯಾವುದು ಮೂರು ದಿನದಿಂದ ಕಾಣುತ್ತಿಲ್ಲ ಎಂಬ ವರದಿ ದಿನಾ ಊಟದ ಹೊತ್ತಿಗೆ ನಮಗೆ ಬರುತ್ತಿತ್ತು. ಮೈಸೂರಿನಲ್ಲಿದ್ದ ನನ್ನ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳು ನಕ್ಕುಬಿಟ್ಟಳು. "ದನದ ಡಾಕ್ಟ್ರಾ? ಅದಕ್ಕೆ ಕತಾರಿಗೆ ಹೋಗ್ಬೇಕಿತ್ತೇನೋ?" ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ಸ್ವಲ್ಪ ಬೇಗ. ಈ ಕಥೆಯಲ್ಲಿ ಅದು ಇನ್ನೂ ಬರುತ್ತದೆ.

ಊರಿನಲ್ಲೇ ಓದಿಸೋಣವೆಂದರೆ ಸರ್ಕಾರಿ ಸೀಟಿಗೆ ಕರ್ನಾಟಕದಲ್ಲಿ ಇಷ್ಟು ವರ್ಷ ಓದಿರಬೇಕೆಂಬ ನಿಯಮ. ನಮ್ಮ ಹುಡುಗಿ ಒಂದನೇ ಕ್ಲಾಸಿನಿಂದ ದೋಹಾದವಳು. ಪರದೇಶದ ಪಶುವೈದ್ಯ ಕಾಲೇಜುಗಳಲ್ಲಿ ಹನ್ನೆರಡನೇ ಕ್ಲಾಸಿನವರನ್ನು ನೇರವಾಗಿ ತೆಗೆದುಕೊಳ್ಳುವುದು ಅಪರೂಪ. ನಾವು ನೋಡಿದ ಕಾಲೇಜುಗಳಿಗೆ ಮೊದಲು ಪದವಿ ತರಗತಿಯಲ್ಲಿ ಜೀವಶಾಸ್ತ್ರ, ಎರಡು ಬಗೆಯ ರಸಾಯನಶಾಸ್ತ್ರ, ಭೌತಶಾಸ್ತ್ರ, ತಳಿಶಾಸ್ತ್ರ, ಸಂಖ್ಯಾಶಾಸ್ತ್ರ, ಇಂಗ್ಲಿಷ್ ಬರವಣಿಗೆ, ಎಲ್ಲವನ್ನೂ ಮುಗಿಸಿರಬೇಕಿತ್ತು. ಇವನ್ನೇ ಅವರು ಪ್ರೀರಿಕ್ವಿಸಿಟ್ ಎನ್ನುವುದು. ಒಂದು ಕಡಿಮೆಯಾದರೂ ಅರ್ಜಿ ತಿಪ್ಪೆಗೆ. ಕಷ್ಟವೇನೆಂದರೆ ಇವು ಒಂದರ ಬಾಲ ಇನ್ನೊಂದು ಹಿಡಿದುಕೊಂಡಿರುತ್ತವೆ. ಮೊದಲ ರಸಾಯನಶಾಸ್ತ್ರ ಮುಗಿಯದೆ ಎರಡನೆಯದಿಲ್ಲ, ಎರಡನೆಯದು ಮುಗಿಯದೆ ಜೀವರಸಾಯನವಿಲ್ಲ. ಸೆಪ್ಟೆಂಬರಿನಲ್ಲಿ ತಪ್ಪಿದ್ದು ಮತ್ತೆ ಸಿಗುವುದು ಮುಂದಿನ ಸೆಪ್ಟೆಂಬರಿಗೇ.

ಇದನ್ನು ಕೇಳಿ ಬೇರೆ ಅಪ್ಪಂದಿರು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರೇನೋ. ನಾನು ಖುಷಿಪಟ್ಟೆ. ಯಾಕೆಂದರೆ ನನ್ನ ಹೊಟ್ಟೆಪಾಡೇ ಇದು. ಗ್ಯಾಸ್ ಸ್ಥಾವರವನ್ನು ರಿಪೇರಿಗೆಂದು ನಿಲ್ಲಿಸಿದಾಗ ಯಾವ ವಾಲ್ವು ಮೊದಲು ಬಿಚ್ಚಬೇಕು, ಯಾವ ಕ್ರೇನು ಯಾವ ಗಂಟೆಗೆ ಬರಬೇಕು ಎಂದು ಪಟ್ಟಿ ಹಾಕುವ ಪ್ಲಾನರ್ ನಾನು. ಕಂಪನಿಯ ಬಸ್ಸಿಗೆ ಬೆಳಗ್ಗೆ ಐದಕ್ಕೆ ಹೊರಟರೆ ಸಂಜೆ ಮನೆ ಸೇರುವವರೆಗೂ ಅದೇ ಕೆಲಸ. ಸ್ಥಾವರವನ್ನೇ ಪ್ಲಾನ್ ಮಾಡುವವನಿಗೆ ಒಂದು ಹುಡುಗಿಯ ಓದು ಯಾವ ಮಹಾ ಅಂದುಕೊಂಡೆ.

ಹನ್ನೆರಡನೇ ಕ್ಲಾಸು ಮುಗಿದು ದೋಹಾದಲ್ಲೇ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಪದವಿಗೆ ಸೀಟು ಸಿಕ್ಕಿತು. ಅದರ ಮುಂದಿನ ಶುಕ್ರವಾರ ದೋಸೆ ತಿಂದ ಕೈ ತೊಳೆದವನೇ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರವಿ ಕೂತೆ. ಸಂಜೆಯ ಹೊತ್ತಿಗೆ ಮೂರು ಬಣ್ಣದಲ್ಲಿ ಪಟ್ಟಿ ತಯಾರು. ಹೆಂಡತಿ ಕನ್ನಡಕ ಏರಿಸಿ ನೋಡಿದಳು. "ಇದ್ರಲ್ಲಿ ಮಗು ಊಟ ಮಾಡೋದು ಯಾವ ಬಣ್ಣ?" ಎಂದಳು. ಅವಳ ಮಾತಿಗೆ ಆಗ ಯಾರು ಬೆಲೆ ಕೊಡುತ್ತಾರೆ!

ಪಟ್ಟಿಯಲ್ಲಿ ನನ್ನ ಹೆಮ್ಮೆಯ ಜಾಗವೊಂದಿತ್ತು. ನಮ್ಮ ಹನ್ನೆರಡನೇ ಕ್ಲಾಸಿನಲ್ಲಿ ಒಳ್ಳೆಯ ಅಂಕ ಬಂದವರಿಗೆ ಆ ಕಾಲೇಜಿನಲ್ಲಿ ಮೊದಲ ವರ್ಷದ ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರಗಳಿಂದ ವಿನಾಯಿತಿ ಕೇಳುವ ಅವಕಾಶವಿತ್ತು. ಕೇಳಿದರೆ ಅವು ಓದಿದ ಹಾಗೇ ಆಯಿತು, ನೇರವಾಗಿ ಮುಂದಿನ ಪಾಠಕ್ಕೆ ಕೂರಬಹುದು. ಹಾಗೆ ಮಾಡಿದರೆ ಮೂರೇ ವರ್ಷದಲ್ಲಿ ಪ್ರೀರಿಕ್ವಿಸಿಟ್ ಎಲ್ಲ ಮುಗಿಯುತ್ತದೆ, ಒಂದು ವರ್ಷ ಉಳಿಯುತ್ತದೆ. ಅರ್ಜಿಯನ್ನು ನಾನೇ ಬರೆದೆ, ಮಗಳು ಸೈನ್ ಹಾಕಿದಳು.

ಅದು ಹುಡುಗಿಯರ ಕ್ಯಾಂಪಸ್ಸು. ಗಂಡಸರಿಗೆ ಗೇಟಿನವರೆಗೆ ಮಾತ್ರ ಪ್ರವೇಶ. ಹಾಗಾಗಿ ಅವಳ ಓದಿನ ಸಲಹೆಗಾರ್ತಿಯೊಡನೆ ನನ್ನ ಮಾತೆಲ್ಲ ಫೋನಿನಲ್ಲಿ. ಆಕೆ ಜೋರ್ಡಾನಿನವರು, ನಿಧಾನದ ಹೆಂಗಸು. "ಇಷ್ಟು ಅವಸರ ಯಾಕೆ? ಮೊದಲ ವರ್ಷದ ಲ್ಯಾಬಿನಲ್ಲಿ ಕೂರಲಿ ಬಿಡಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಮ್ಮ ಹನ್ನೆರಡನೇ ಕ್ಲಾಸು ನಿಮ್ಮ ಮೊದಲ ವರ್ಷಕ್ಕಿಂತ ಕಷ್ಟ ಎಂದು ನಾನು ಧಿಮಾಕಿನಿಂದಲೇ ಉತ್ತರಿಸಿದೆ. ಗಲ್ಫಿನ ಇಂಡಿಯನ್ ಅಪ್ಪ ಅಮ್ಮಂದಿರಿಗೆ ಇದೊಂದು ಕಾಯಿಲೆ. ನಮ್ಮ ಸಿಲಬಸ್ಸಿನ ಮೇಲೆ ನಮಗಿರುವ ನಂಬಿಕೆ ದೇವರ ಮೇಲೂ ಇರುವುದಿಲ್ಲ. ವಿನಾಯಿತಿ ಸಿಕ್ಕಿತು. ಆ ವಾರ ನಾನು ಸಿಕ್ಕವರಿಗೆಲ್ಲ ಚಹಾ ಕುಡಿಸಿದೆ.

ಎರಡು ವರ್ಷ ಪಟ್ಟಿಯಂತೆಯೇ ಸಾಗಿತು. ಮಗಳು ತಳಿಶಾಸ್ತ್ರಕ್ಕೆ ಒದ್ದಾಡಿದಳು, ಆದರೆ ಬಿಡಲಿಲ್ಲ. ಶನಿವಾರಗಳಲ್ಲಿ ಕುರಿ, ಆಡುಗಳಿಗೆ ಮದ್ದು ಕೊಡುವ ಒಂದು ಕ್ಲಿನಿಕ್ಕಿಗೆ ಹೋಗಿ ಅಲ್ಲಿನ ಸೂಡಾನಿ ವೈದ್ಯರ ಪಕ್ಕ ನಿಂತು ಕಲಿಯುತ್ತಿದ್ದಳು. ಮನೆಗೆ ಬಂದಾಗ ಅವಳ ಮೈಯೆಲ್ಲ ಆಡಿನ ವಾಸನೆ. ಅವಳಮ್ಮ ಬಾಗಿಲಲ್ಲೇ ತಡೆದು ಸ್ನಾನಕ್ಕೆ ಅಟ್ಟುತ್ತಿದ್ದಳು.

ಮೂರನೇ ವರ್ಷ ಶುರುವಾಗುವ ಮೊದಲು, ಆಗಸ್ಟಿನಲ್ಲಿ, ಮಗಳು ತಾನಾಗಿ ಮೂರು ಪಶುವೈದ್ಯ ಕಾಲೇಜುಗಳಿಗೆ ತನ್ನ ವಿಷಯಗಳ ಪಟ್ಟಿ ಕಳಿಸಿ, ಇದು ಸಾಕೇ ಎಂದು ಇಮೇಲ್ ಬರೆದಳು. ಎಲ್ಲ ಪ್ಲಾನಿನಲ್ಲಿದೆಯಲ್ಲ, ಮತ್ತೆ ಕೇಳುವುದೇನು ಎಂದು ನಾನು ಗೊಣಗಿದೆ. ಸೆಪ್ಟೆಂಬರಿನ ಮೊದಲ ವಾರ ಮೂರೂ ಕಡೆಯಿಂದ ಉತ್ತರ ಬಂತು. ಮೂರರಲ್ಲೂ ಒಂದೇ ಮಾತು. ಮೊದಲ ವರ್ಷದ ಜೀವಶಾಸ್ತ್ರ ಮತ್ತು ರಸಾಯನಶಾಸ್ತ್ರವನ್ನು ಕಾಲೇಜಿನಲ್ಲಿ, ಲ್ಯಾಬಿನ ಸಮೇತ, ಓದಿ ಅಂಕ ಪಡೆದಿರಬೇಕು. ವಿನಾಯಿತಿಯನ್ನು ಒಪ್ಪುವುದಿಲ್ಲ. ಈ ವರ್ಷದ ಅರ್ಜಿಗೆ ಮುಂದಿನ ಜೂನಿನೊಳಗೆ ಎಲ್ಲವೂ ಮುಗಿದಿರಬೇಕು.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನಾನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೆನೋ. ನನಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ. ಅವಳ ಒಂದು ವರ್ಷ ನನ್ನಿಂದ ಹೋಗುತ್ತದೆ ಎಂದು ಒಳಗೊಳಗೇ ಗೊತ್ತಿತ್ತು. ಆದರೆ ಬಾಯಿಗೆ ಬಂದದ್ದು ಸಿಟ್ಟು. "ಇವರಿಗೇನು ಗೊತ್ತು ನಮ್ಮ ಬೋರ್ಡು! ತಡಿ, ನಾನು ತೋರಿಸ್ತೀನಿ" ಎಂದೆ. ಮಗಳು, "ಅಪ್ಪ, ಮೊದಲ ವರ್ಷದ ಕ್ಲಾಸಿಗೆ ಈಗ್ಲೇ ಸೇರಿಬಿಡ್ಲಾ?" ಎಂದು ಕೇಳಿದಳು. "ಸಿಕ್ಕಿರೋ ವಿನಾಯಿತಿ ಬಿಟ್ಟುಕೊಟ್ಟು, ಚಿಕ್ಕ ಹುಡುಗೀರ ಜೊತೆ ಕೂತ್ಕೋತೀಯಾ? ಏನೂ ಬೇಡ" ಎಂದೆ. ಅವಳು ಮತ್ತೆ ಮಾತಾಡಲಿಲ್ಲ. ಸುಮ್ಮನಿದ್ದಾಳೆಂದರೆ ಒಪ್ಪಿದ್ದಾಳೆ ಅಂದುಕೊಂಡೆ.

ಗಲ್ಫಿನಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಒಂದು ಮೂಢನಂಬಿಕೆ ಅಂಟಿಕೊಳ್ಳುತ್ತದೆ. ಅಟೆಸ್ಟೇಶನ್ ಆದ ಕಾಗದಕ್ಕೆ ಎದುರಿಲ್ಲ ಎಂಬುದು. ಮದುವೆಯ ಸರ್ಟಿಫಿಕೇಟಿರಲಿ, ಡಿಗ್ರಿಯಿರಲಿ, ಇಲ್ಲಿ ಕಾಗದಕ್ಕೆ ಬೆಲೆ ಬರುವುದು ಅದರ ಹಿಂದೆ ಸೀಲುಗಳು ಬಿದ್ದ ಮೇಲೆ. ನಾನು ಮಗಳ ಶಾಲೆಗೆ ಹೋಗಿ, ಹನ್ನೆರಡನೇ ಕ್ಲಾಸಿನಲ್ಲಿ ಇಷ್ಟಿಷ್ಟು ಗಂಟೆ ಲ್ಯಾಬು ಮಾಡಿದ್ದಾಳೆಂದು ಪತ್ರ ಬರೆಸಿದೆ. ರಾಯಭಾರ ಕಚೇರಿಯ ಸಾಲಿನಲ್ಲಿ ಎರಡು ಬೆಳಗು ನಿಂತೆ. ಆಮೇಲೆ ವಿದೇಶಾಂಗ ಸಚಿವಾಲಯದ ಸೀಲು. ಪತ್ರದ ಹಿಂಬದಿ ತುಂಬಿತು. ಅದರ ಪ್ರತಿಗಳನ್ನು ಮೂರೂ ಕಾಲೇಜಿಗೆ ಕೊರಿಯರ್ ಮಾಡಿದ ದಿನ ಗೆದ್ದವನಂತೆ ಮನೆಗೆ ಬಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದರೆ ಇದೇ.

ಉತ್ತರ ಬರುವ ಹೊತ್ತಿಗೆ ಅಕ್ಟೋಬರ್ ಬಂದಿತ್ತು. ಮೂರೂ ಕಡೆಯದು ಒಂದೇ ಥರದ, ಎರಡೇ ಸಾಲಿನ ಇಮೇಲು. ಪತ್ರ ಕಳಿಸಿದ್ದಕ್ಕೆ ಧನ್ಯವಾದ, ನಿಯಮ ಹಿಂದೆ ಹೇಳಿದಂತೆಯೇ ಇದೆ. ಒಂದನ್ನು ಆಫೀಸಿನಲ್ಲಿ ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಹೊಸ ವಿಷಯಕ್ಕೆ ಹೆಸರು ಸೇರಿಸುವ ಕೊನೆಯ ದಿನ ಆಗಲೇ ಕಳೆದಿತ್ತು. ಪಕ್ಕದ ಸೀಟಿನ ಮಲಯಾಳಿ ಗೆಳೆಯ ಏನೋ ಕೇಳಿದ, ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಅಷ್ಟು ದೂರದ ರಸ್ತೆಯುದ್ದಕ್ಕೂ ಮಗಳಿಗೆ ಹೇಗೆ ಹೇಳುವುದು ಎಂದು ವಾಕ್ಯ ಜೋಡಿಸುತ್ತಿದ್ದೆ. ಒಂದೂ ಕೂಡಿಬರಲಿಲ್ಲ.

ಮನೆಯಲ್ಲಿ ಹೆಂಡತಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಮಗಳು ಎದುರು ಕೂತು ನಾರು ತೆಗೆದು ಕೊಡುತ್ತಿದ್ದಳು. ಶೂ ಬಿಚ್ಚುವ ಮೊದಲೇ ಕಾಗದ ತೆಗೆದು ಮೇಜಿನ ಮೇಲಿಟ್ಟೆ. "ಒಪ್ಪಲಿಲ್ಲಮ್ಮ. ನಿನ್ನ ಒಂದು ವರ್ಷ ನಾನು ಹಾಳು ಮಾಡಿದೆ" ಎಂದೆ.

ಮಗಳು ಕಾಗದ ಓದಿದಳು. ಕೈ ಒರೆಸಿಕೊಂಡು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. "ಅಪ್ಪ, ಕೂತ್ಕೋ ಮೊದ್ಲು. ನಾನು ಸೆಪ್ಟೆಂಬರಿಂದ ಮೊದಲ ವರ್ಷದ ಕ್ಲಾಸಿಗೆ ಹೋಗ್ತಾ ಇದೀನಿ. ಬಯಾಲಜಿ, ಕೆಮಿಸ್ಟ್ರಿ ಎರಡಕ್ಕೂ. ಆ ಇಮೇಲ್ ಬಂದ ವಾರಾನೇ ವಿನಾಯಿತಿ ಕ್ಯಾನ್ಸಲ್ ಮಾಡ್ಸಿಬಿಟ್ಟೆ."

ನಾನು ಇಂಗು ತಿಂದ ಮಂಗನ ಹಾಗೆ ನೋಡಿದೆ. "ನನಗ್ಯಾಕೆ ಹೇಳ್ಲಿಲ್ಲ?"

"ನೀನು ಬೇಡ ಅಂದಿದ್ದೆ. ಆದ್ರೆ ಹೆಸರು ಸೇರ್ಸೋಕೆ ಉಳಿದಿದ್ದು ನಾಲ್ಕೇ ದಿನ. ನಿನ್ನ ಲೆಟರಿಗೆ ಅವರು ಒಪ್ಪಿದ್ರೆ ಕ್ಲಾಸ್ ಬಿಟ್ಟುಬಿಡೋಣ, ಒಪ್ದೇ ಇದ್ರೆ ವರ್ಷ ಉಳಿಯುತ್ತೆ ಅಂದ್ಕೊಂಡೆ. ಹೇಳ್ದೇ ಮಾಡಿದ್ದು ತಪ್ಪು ಅಪ್ಪ. ಸಾರಿ."

ಹೆಂಡತಿ ತಲೆಯೆತ್ತದೆ ಹುರುಳಿಕಾಯಿ ಹೆಚ್ಚುತ್ತಲೇ ಇದ್ದಳು. ನನಗೆ ಅನುಮಾನ ಬಂತು. "ನಿನಗೂ ಗೊತ್ತಿತ್ತಾ?"

"ಲ್ಯಾಬು ಐದರವರೆಗೆ ಇದ್ರೆ ಎರಡು ಡಬ್ಬಿ ಕಟ್ಬೇಕಾಗುತ್ತಲ್ಲ. ನಿಮ್ಮ ಪ್ಲಾನಲ್ಲಿ ಡಬ್ಬಿ ಎಲ್ಲಿತ್ತು!" ಎಂದಳು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪ್ಲಾನ್ ಹಾಕುವ ಕೆಲಸದಲ್ಲಿ ಕೂದಲು ಹಣ್ಣಾಗಿಸಿಕೊಂಡವನು ನಾನು. ಒಂದು ದಾರಿ ಕಟ್ಟಿಕೊಂಡರೆ ಇನ್ನೊಂದು ತೆರೆದಿರಬೇಕು ಎಂದು ಹೊಸಬರಿಗೆ ಪಾಠ ಹೇಳುವವನು ನಾನೇ. ಮಗಳ ವಿಷಯದಲ್ಲಿ ಅದನ್ನು ಮರೆತು ಸೀಲು ಹೊಡೆಸಲು ಓಡಾಡುತ್ತಿದ್ದೆ. ಇವಳು ಸದ್ದಿಲ್ಲದೆ ಎರಡನೆಯ ದಾರಿ ತೆರೆದಿಟ್ಟಿದ್ದಳು. ನನಗಿಂತ ಒಳ್ಳೆಯ ಪ್ಲಾನರ್ ನನ್ನ ಮನೆಯಲ್ಲೇ ಇದ್ದಾಳೆಂದು ಅಂದು ಗೊತ್ತಾಯಿತು. ಹೊಟ್ಟೆಕಿಚ್ಚಾಗಬೇಕಾದ ಜಾಗದಲ್ಲಿ ಹೊಟ್ಟೆ ತಣ್ಣಗಾಯಿತು.

ನೋಟ್‌ಬುಕ್ ತೆರೆದೆ. ಮೊದಲ ಪುಟದಲ್ಲಿ ಈರುಳ್ಳಿ ಸಿಪ್ಪೆಯ ಚಿತ್ರ. ತಳಿಶಾಸ್ತ್ರ ಓದಿ ಮುಗಿಸಿದ ಹುಡುಗಿ ಈರುಳ್ಳಿ ಸಿಪ್ಪೆ ಬಿಡಿಸಿದ್ದಾಳೆ! ಅದರ ಪಕ್ಕ ಮೇಡಂ ಕೆಂಪು ಶಾಯಿಯಲ್ಲಿ, ಕಂಡದ್ದನ್ನು ಬರಿ, ಗೊತ್ತಿರುವುದನ್ನಲ್ಲ ಎಂದು ಬರೆದಿದ್ದರು.

"ಬೇಜಾರಾಗಲ್ವೇನಮ್ಮ ಇದೆಲ್ಲ ಮತ್ತೆ ಮಾಡೋಕೆ?" ಎಂದೆ.

"ಮತ್ತೆ ಅಲ್ಲಪ್ಪ. ಮೊದಲ ಸಲ." ಅವಳು ನಗುತ್ತಿರಲಿಲ್ಲ. "ಸ್ಕೂಲಲ್ಲಿ ನಲವತ್ತು ಜನಕ್ಕೆ ಎರಡು ಮೈಕ್ರೋಸ್ಕೋಪ್ ಇತ್ತು. ನಾವೆಲ್ಲ ಪುಸ್ತಕ ನೋಡಿ ರೆಕಾರ್ಡಲ್ಲಿ ಚಿತ್ರ ಬರೀತಿದ್ವಿ. ನಾನು ಜೀವಕೋಶ ಕಣ್ಣಾರೆ ನೋಡಿದ್ದೇ ಈ ತಿಂಗಳು."

ನಾನು ಅಷ್ಟು ಸೀಲು ಹೊಡೆಸಿದ್ದು ಯಾವುದಕ್ಕೆ ಎಂದು ಆಗ ತಿಳಿಯಿತು. ಎದ್ದು ಶೂ ಬಿಚ್ಚಿದೆ.

ಆ ವರ್ಷ ಅವಳು ದುಡಿದ ಪರಿಯನ್ನು ಹೇಗೆ ಹೇಳಲಿ! ಮೂರನೇ ವರ್ಷದ ಪಾಠಗಳು ಒಂದು ಕಡೆ, ಮೊದಲ ವರ್ಷದ ಎರಡು ಲ್ಯಾಬು ಇನ್ನೊಂದು ಕಡೆ. ಚಿಕ್ಕ ಹುಡುಗಿಯರು ಮೊದಲು ಇವಳನ್ನು ಫೇಲಾದವಳು ಎಂದುಕೊಂಡರಂತೆ. ಇವಳು ತಿದ್ದಲೂ ಹೋಗಲಿಲ್ಲ. ಕೆಲವೇ ವಾರಗಳಲ್ಲಿ ಅವರೇ ತಮ್ಮ ಸ್ಲೈಡು ಹಿಡಿದು ಇವಳ ಬೆಂಚಿಗೆ ಬರತೊಡಗಿದರು. ಸಂಜೆ ಗೇಟಿನ ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ನನಗೆ, ಕಪ್ಪು ಅಬಾಯಾ ತೊಟ್ಟ ನಾಲ್ಕೈದು ಹುಡುಗಿಯರ ನಡುವೆ ಏನನ್ನೋ ಕೈಯಾಡಿಸಿ ವಿವರಿಸುತ್ತ ಬರುವ ಮಗಳು ಕಾಣುತ್ತಿದ್ದಳು. ದಣಿದಿರುತ್ತಿದ್ದಳು. ಕಾರಿನಲ್ಲಿ ಕೂತ ಐದು ನಿಮಿಷಕ್ಕೆ ನಿದ್ದೆ. ಅವಳಿಗೆ ಎಚ್ಚರವಾಗದಿರಲೆಂದು ನಾನು ಸಿಗ್ನಲ್ಲುಗಳಲ್ಲಿ ಹಾರ್ನ್ ಒತ್ತುತ್ತಿರಲಿಲ್ಲ. ದೋಹಾದಲ್ಲಿ ಕಾರು ಓಡಿಸಿದವರಿಗೆ ಅದೆಂಥ ತ್ಯಾಗ ಎಂದು ಗೊತ್ತು.

ಮಾರ್ಚಿನಲ್ಲಿ ಒಂದು ಕಾಲೇಜಿನವರು ಸಂದರ್ಶನಕ್ಕೆ ಕರೆದರು. ಫೋನಿನಲ್ಲಿ, ನಮ್ಮ ಸಂಜೆ ಆರಕ್ಕೆ. ಮಗಳು ಹಾಲಿನಲ್ಲಿ ಸ್ಪೀಕರ್ ಹಾಕಿಕೊಂಡು ಕೂತಳು. ನಾವಿಬ್ಬರೂ ಅಡುಗೆಮನೆಯಲ್ಲಿ, ಕುಕ್ಕರ್ ಕೂಗೀತೆಂದು ಒಲೆ ಆರಿಸಿ ನಿಂತೆವು. ಕುರಿಗಳ ಬಗ್ಗೆ ಕೇಳಿದರು, ಸೂಡಾನಿ ವೈದ್ಯರ ಬಗ್ಗೆ ಕೇಳಿದರು. ಆಮೇಲೆ ನಾನು ಹೆದರಿದ್ದ ಪ್ರಶ್ನೆಯೇ ಬಂತು. ಮೊದಲ ವರ್ಷದ ವಿಷಯಗಳಿಗೆ ಸಿಕ್ಕಿದ್ದ ವಿನಾಯಿತಿಯನ್ನು ಎರಡು ವರ್ಷದ ಮೇಲೆ ರದ್ದು ಮಾಡಿದ್ದೀರಿ, ಯಾಕೆ? ಅದನ್ನು ತೆಗೆದುಕೊಳ್ಳಲು ಮೊದಲು ಸಲಹೆ ಕೊಟ್ಟವರು ಯಾರು?

ನಾನು ಹೆಂಡತಿಯ ಮುಖ ನೋಡಿದೆ. ನನ್ನ ಹೆಸರು ಹೇಳಿಬಿಡಲಿ, ಅದೇ ನಿಜ, ಅವಳ ಮೇಲೆ ತಪ್ಪು ಬಾರದಿರಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

"ಅದು ನನ್ನ ನಿರ್ಧಾರ" ಎಂದಳು ಮಗಳು ಇಂಗ್ಲಿಷಿನಲ್ಲಿ. "ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಗೊತ್ತಿರಲಿಲ್ಲ. ತಿಳಿದ ಮೇಲೆ ಮೊದಲಿನಿಂದ ಶುರು ಮಾಡಿದೆ."

ಆ ಕಡೆ ಪುಟ ತಿರುವಿದ ಸದ್ದು. ಬಳಿಕ ಮುಂದಿನ ಪ್ರಶ್ನೆ.

ಫೋನಿಟ್ಟು ಅವಳು ನೀರು ಕುಡಿಯಲು ಒಳಗೆ ಬಂದಳು. ನನಗೆ ತಡೆಯಲಾಗಲಿಲ್ಲ. "ನಮ್ಮಪ್ಪ ಮಾಡಿಸಿದ್ದು ಅಂತ ಹೇಳೋದಲ್ವೇನೆ? ನಿಜ ತಾನೆ?"

ಅವಳು ಲೋಟ ಕೆಳಗಿಟ್ಟಳು. "ಸೈನ್ ಹಾಕಿದ್ದು ನಾನಪ್ಪ. ನಾಳೆ ನನ್ನ ಕೈಲಿ ಒಂದು ಕುರಿ ಸತ್ರೆ, ಅದರ ಯಜಮಾನನ ಹತ್ರ ನಮ್ಮಪ್ಪ ಹೇಳಿದ್ರು ಅಂತ ಹೇಳೋಕಾಗುತ್ತಾ?"

ಸೀಟು ಸಿಕ್ಕ ಪತ್ರ ಬಂದದ್ದು ಏಪ್ರಿಲಿನಲ್ಲಿ. ಅದು ಬರುವವರೆಗೆ ಹೆಂಡತಿ ದಿನಾ ದೇವರಿಗೆ ಎರಡು ಬತ್ತಿ ಹೆಚ್ಚು ಹಚ್ಚಿದಳು. ನಾನು ನಿಶ್ಚಿಂತೆಯಿಂದ ಇದ್ದೆ. ಸಂದರ್ಶನದ ಸಂಜೆಯೇ, ಮಗಳು ತನ್ನ ಕೋಣೆಗೆ ಹೋದ ಮೇಲೆ ಒಲೆ ಹಚ್ಚುತ್ತಿದ್ದ ಹೆಂಡತಿಗೆ ನಾನು ಹೇಳಿದ್ದೆ. "ಅವರು ಸೀಟು ಕೊಡ್ಲಿ ಬಿಡ್ಲಿ, ಇವಳು ಡಾಕ್ಟ್ರಾದ್ಲು ಕಣೆ."