ಜೋಹ್ರಾಬೀಯ ಅಡುಗೆಮನೆ

ಲಕಡೀಕಾಪೂಲ್‌ನಲ್ಲಿ ಮೆಟ್ರೋ ಇಳಿದು ಬರುವಾಗ ಸುಟ್ಟ ಚರ್ಮದ ವಾಸನೆ ಬಂತು. ಶಾದಿಖಾನೆಯ ಮುಂದೆ ನಾಲ್ಕು ಜನ ಹಳೆಯ ಪೇಪರಿಗೆ ಬೆಂಕಿ ಹಚ್ಚಿ ಮರ್ಫಾ ನಗಾರಿಯ ಚರ್ಮ ಕಾಯಿಸುತ್ತಿದ್ದರು. ನಮ್ಮ ಹಳೆಯ ನೆರೆಮನೆಯ ಜೋಹ್ರಾ ಖಾಲಾಳ ಗಂಡನೂ ಮದುವೆಯ ಬಾರಾತಿಗೆ ಬಾರಿಸಲು ಹೋಗುವ ಮೊದಲು ಅಂಗಳದಲ್ಲಿ ಹೀಗೇ ಕೂತು ಕಾಯಿಸುತ್ತಿದ್ದರು. ನಾನು ಅಲ್ಲಿ ನಿಲ್ಲಲಿಲ್ಲ. ಕಳೆದ ವರ್ಷ ಅವ್ವ ತೀರಿಕೊಳ್ಳುವ ಮುಂಚೆ ಒಂದು ಮಾತು ಒಪ್ಪಿಸಿದ್ದಳು. ಅದನ್ನು ಜೋಹ್ರಾ ಖಾಲಾಳ ಮನೆಗೆ ಮುಟ್ಟಿಸಲು ಮಿಯಾಪುರದಿಂದ ಒಬ್ಬಳೇ ಬಂದಿದ್ದೆ.

ಖಾಲಾಳ ಮನೆಯಿದ್ದ ಏ.ಸಿ. ಗಾರ್ಡ್ಸ್ ಎಂದರೆ ಈಗ ಬರೀ ಒಂದು ವಿಳಾಸ. ನಿಜಾಮರ ಕಾಲದಲ್ಲಿ ಆಫ್ರಿಕಾದಿಂದ ಬಂದ ಕುದುರೆ ಸವಾರರ ಪಡೆ ಇಲ್ಲಿತ್ತು, ಆಫ್ರಿಕನ್ ಕ್ಯಾವಲ್ರಿ ಎಂಬ ಆ ಎರಡು ಅಕ್ಷರ ಅವರದು. ಕಲಬುರಗಿಯಿಂದ ಸರ್ಕಾರಿ ನೌಕರಿಗೆಂದು ಬಂದ ಅಪ್ಪ, ಅಂಥ ಒಬ್ಬ ಸವಾರನ ಮೊಮ್ಮಗಳಾದ ಖಾಲಾಳ ಗೋಡೆಗೆ ಗೋಡೆ ಹತ್ತಿದ ಮನೆ ಹಿಡಿದಿದ್ದರು. ಹನ್ನೊಂದು ವರ್ಷ ಅಲ್ಲಿದ್ದೆವು. ಖಾಲಾ ತನ್ನ ದಖನಿಗೆ ಅವ್ವನ ಕನ್ನಡ ಕಲಸಿ ಮಾತಾಡುತ್ತಿದ್ದಳು. ನಿನ್ನ ಕೂದಲು ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನಮ್ ದಾದಾ ಟೋಪಿ ಇಲ್ಲದ ಜಹಾಜ್ ಹತ್ಯಾರ, ಬೇಟಾ. ಸಮುದ್ರದಾಗ ಗಾಳಿ ಭಾಳ. ಸುರುಳಿ ಸುತ್ತಿದ್ದು ಇನ್ನೂ ಬಿಚ್ಚಿಲ್ಲ ನೋಡು" ಎಂದು ತಾನೇ ಹೊಟ್ಟೆ ಹಿಡಿದು ನಕ್ಕಿದ್ದಳು.

ಅವ್ವ ಕೆಟ್ಟವಳಲ್ಲ. ಆದರೆ ಮಾಂಸ ಬೇಯುವ ಮನೆಯಲ್ಲಿ ಉಣ್ಣುತ್ತಿರಲಿಲ್ಲ. ನನಗೂ ಅವರ ಅಂಗಳದವರೆಗೆ ಮಾತ್ರ ಅಪ್ಪಣೆ. ಖಾಲಾಗೆ ಇದು ಹೇಳದೆಯೇ ಗೊತ್ತಿತ್ತು. ರಂಜಾನ್ ದಿನ ಎಲ್ಲರ ಮನೆಗೂ ಬಟ್ಟಲು ತುಂಬ ಶೀರ್ ಖುರ್ಮಾ ಪಾಯಸ ಹೋದರೆ, ನಮ್ಮ ಮನೆಗೆ ಹಿತ್ತಾಳೆ ತಾಟಿನಲ್ಲಿ ಹಸಿ ಸಾಮಾನು ಬರುತ್ತಿತ್ತು: ಎಳೆ ಶಾವಿಗೆ, ಸಕ್ಕರೆ, ಒಣ ಖರ್ಜೂರ, ಚಾರೋಳಿ, ಬಿರಡೆ ತೆಗೆಯದ ಹಾಲಿನ ಬಾಟಲಿ. ಅವ್ವ ನಮ್ಮ ಒಲೆಯ ಮೇಲೆ ಮಾಡಿ ಮೊದಲ ಬಟ್ಟಲು ಖಾಲಾಗೇ ಕಳಿಸುತ್ತಿದ್ದಳು. ಖಾಲಾ ಬಾಗಿಲಲ್ಲೇ ನಿಂತು ಒಂದು ಚಮಚ ರುಚಿ ನೋಡಿ, "ಸಕ್ಕರಿ ಎಲ್ಲಿ ಬಚ್ಚಿಟ್ರಿ, ಅಕ್ಕಾ?" ಎಂದು ಗೋಡೆಯಾಚೆಗೆ ಕೂಗುವಳು. "ನಿಮ್ಮ ಮಾತಿನಾಗ ಐತಲ್ರಿ, ಸಾಲದೇನು?" ಎಂದು ಅವ್ವ ಈಚೆಯಿಂದ ಕೂಗುವಳು.

ನಾವು ದಿಲ್‌ಸುಖ್‌ನಗರಕ್ಕೆ ಮನೆ ಬದಲಿಸಿದ ದಿನವೇ ಹಬ್ಬ ಬಿತ್ತು. ಪಾತ್ರೆಯೆಲ್ಲ ಗೋಣಿಚೀಲ ಸೇರಿದ್ದವು. ಖಾಲಾ ರೂಢಿಯಂತೆ ತಾಟು ಹಿಡಿದು ಬಂದವಳು ಬರಿದಾದ ಅಡುಗೆಕಟ್ಟೆ ನೋಡಿ ನಿಂತುಬಿಟ್ಟಳು. ಆಮೇಲೆ ಸಣ್ಣ ದನಿಯಲ್ಲಿ, "ನಮ್ ಒಲಿ ಐತಲ್ಲ, ಅಕ್ಕಾ. ಹೊಸಾ ಪತೇಲಿ ಐತಿ, ಇನ್ನಾ ನೀರೂ ಹಾಕಿಲ್ಲ. ನೀವೇ ಬಂದ್ ಮಾಡ್ರಿ. ನಾ ಕೈ ಹಚ್ಚಾಂಗಿಲ್ಲ" ಎಂದಳು. ಅವ್ವ ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಹೊತ್ತಾತ್ರಿ, ಜೋಹ್ರಾಬೀ. ಗಾಡಿ ನಿಂತೈತಿ" ಎಂದಳು. ಗಾಡಿ ನಿಂತಿರಲಿಲ್ಲ, ಬಂದೇ ಇರಲಿಲ್ಲ. ಖಾಲಾ ಹಾಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು. ಮುಂದಿನ ಎರಡು ತಾಸು ನಾವು ಖಾಲಿ ಮನೆಯಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತಿದ್ದೆವು. ಗೋಡೆಯಾಚೆ ಸೌಟಿನ ಸದ್ದು ಕೇಳುತ್ತಿತ್ತು.

ಮರುದಿನ ಹೊಸ ಮನೆಯಲ್ಲಿ ಅವ್ವ ಅದನ್ನು ಮಾಡಿದಳು. ಮೊದಲ ಬಟ್ಟಲು ತುಂಬಿಕೊಂಡು ಬಾಗಿಲವರೆಗೆ ಹೋದಳು. ಯಾರ ಮನೆಯೂ ಗೊತ್ತಿರಲಿಲ್ಲ. ತಿರುಗಿ ಬಂದು ಪಾತ್ರೆಗೇ ಸುರಿದಳು. ಒಂದೇ ಊರು, ಒಂದು ಬಸ್ಸಿನ ದಾರಿ. ಬರುವ ಹಬ್ಬಕ್ಕೆ ಹೋಗೋಣ ಎನ್ನುತ್ತ ಹೋಗಲೇ ಇಲ್ಲ.

ಈಗ ಖಾಲಾಳ ಓಣಿಯ ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಮುದುಕರನ್ನು ಕೇಳಿದೆ. "ಜೋಹ್ರಾ ಆಪಾ? ಗುಜರ್‌ಕೋ ಭೋತ್ ಸಾಲಾಂ ಹುವೇ, ಅಮ್ಮಾ" ಎಂದರು. ತೀರಿಕೊಂಡು ಎಷ್ಟೋ ವರ್ಷವಾಯಿತಂತೆ, ಮಕ್ಕಳೆಲ್ಲ ಮನೆ ಮಾರಿ ಹೋದರಂತೆ, ಎಲ್ಲಿಗೆಂದು ಗೊತ್ತಿಲ್ಲವಂತೆ. ಅವರು ಇಸ್ತ್ರಿಪೆಟ್ಟಿಗೆ ಎತ್ತಿಯೇ ತೋರಿಸಿದ ಕಡೆ ಐದು ಅಂತಸ್ತಿನ ಅಪಾರ್ಟ್‌ಮೆಂಟ್ ಇತ್ತು. ವಾಚ್‌ಮನ್ ರಿಜಿಸ್ಟರ್ ಮುಂದೆ ತಳ್ಳಿ, "ಎವರು ಕಾವಾಲಮ್ಮಾ?" ಎಂದ. ಯಾರು ಬೇಕೆಂದು ಹೇಳಲಿ? ಬರೆಯುವ ಜಾಗದಲ್ಲಿ ಜೋಹ್ರಾಬೀ ಎಂದು ಕನ್ನಡದಲ್ಲೇ ಬರೆದೆ. ಅವನು ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ಯಾವ ಫ್ಲಾಟ್ ಎಂದ. ಕೆಳಗಡೆಯದೇ ಎಂದೆ. ಯಾಕೋ ಬಿಟ್ಟ.

ಕೆಳಗೆ ಬರೀ ಪಾರ್ಕಿಂಗ್. ಹಿಂದಿನ ಕಲ್ಲಿನ ಗೋಡೆಯೊಂದು ಹಾಗೇ ಉಳಿದಿತ್ತು. ಅದರಿಂದ ಹೆಜ್ಜೆ ಹಾಕಿ ನಮ್ಮ ಕೋಣೆ, ನಡುಗೋಡೆ, ಖಾಲಾಳ ಅಂಗಳ, ಒಲೆ ಎಂದು ಅಂದಾಜು ಮಾಡುತ್ತ ಎರಡು ಕಾರುಗಳ ನಡುವೆ ಹೋಗಿ ನಿಂತೆ. ಅವ್ವ ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಒಪ್ಪಿಸಿದೆ: "ಆವತ್ತ ಗಾಡಿ ಬಂದಿದ್ದಿಲ್ರಿ, ಜೋಹ್ರಾಬೀ. ನಾ ಸುಳ್ಳ ಹೇಳಿದ್ದೆ."

ನಮ್ಮ ಮನೆಯವರು ಆ ಅಡುಗೆಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು.