ಸಿನಾನನ ಮೊದಲ ಚಪ್ಪಾಳೆ

ಮಸ್ಕತ್ತಿನ ವಾದಿ ಕಬೀರಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ನಿಂತ ಉಮರಬ್ಬನಿಗೆ ಯಾರ ಮೇಲೂ ಹೊಟ್ಟೆಕಿಚ್ಚು ಬಂದದ್ದಿಲ್ಲ. ಊರಲ್ಲಿ ತಮ್ಮ ಎರಡು ಮಹಡಿಯ ಮನೆ ಎತ್ತಿದಾಗಲೂ ಬರಲಿಲ್ಲ, ತನ್ನ ಕೈಕೆಳಗೆ ಕೆಲಸ ಕಲಿತವನು ಮ್ಯಾನೇಜರ್ ಆದಾಗಲೂ ಬರಲಿಲ್ಲ. ಅದೆಲ್ಲ ಎಲ್ಲಿ ಕೂಡಿಕೊಂಡಿತ್ತೋ, ಐವತ್ತೆಂಟನೇ ವಯಸ್ಸಿಗೆ ಒಟ್ಟಿಗೇ ಬಂತು. ಬಂದದ್ದು ಎದುರು ಫ್ಲಾಟಿನ ಪೂವಪ್ಪನ ಮೇಲೆ. ಕಾರಣ, ಒಂಬತ್ತು ತಿಂಗಳ ಮೊಮ್ಮಗ ಸಿನಾನ್.

ಪೂವಪ್ಪನನ್ನು ಕಂಡರೆ ಸಾಕು, ಮಗು ಅಜ್ಜನ ತೋಳಿನಿಂದ ಅತ್ತ ಜಿಗಿಯುತ್ತಿತ್ತು. ಆತ ಆಟಿಕೆ ತರುವವನಲ್ಲ, ಹಾಡುವವನೂ ಅಲ್ಲ. ಅಲ್ ಖುವೈರಿನ ಯಾವುದೋ ಆಫೀಸಿನಲ್ಲಿ ಫೈಲು ನೋಡುವ ಮನುಷ್ಯ. ಕನ್ನಡಕ ಮೂಗಿನ ತುದಿಗಿಳಿಸಿ ಮಗುವನ್ನೂ ಫೈಲಿನ ಹಾಗೆಯೇ ನೋಡುತ್ತಿದ್ದ. ಅಷ್ಟಕ್ಕೇ ಅದು ಕೇಕೆ ಹಾಕುತ್ತಿತ್ತು. ಉಮರಬ್ಬ ಕನ್ನಡಿಯ ಮುಂದೆ ತಾನೂ ಕನ್ನಡಕ ಇಳಿಸಿ ಅಭ್ಯಾಸ ಮಾಡಿದ. ಮಗುವಿನ ಮುಂದೆ ಪ್ರಯೋಗಿಸಿದಾಗ ಅದು ಅತ್ತಿತು.

ಅಮೆರಾತ್ ಮೈದಾನದಲ್ಲಿ ಒಮಾನ್–ನಮೀಬಿಯಾ ಕ್ರಿಕೆಟ್ ಪಂದ್ಯ ಎಂದಾಗ ಉಮರಬ್ಬ ತೀರ್ಮಾನಿಸಿಬಿಟ್ಟ. ಸಿನಾನನ ಮೊದಲ ಮ್ಯಾಚು ತನ್ನ ಮಡಿಲಲ್ಲಿ, ಮೊದಲ ಚಪ್ಪಾಳೆಯೂ ಅಲ್ಲೇ. ಚಪ್ಪಾಳೆಯನ್ನು ಒಂದು ತಿಂಗಳಿಂದ ಕಲಿಸುತ್ತಿದ್ದ. ಸಿನಾನ್ ಅಜ್ಜನ ಎರಡೂ ಕೈಗಳನ್ನು ಗಂಭೀರವಾಗಿ ಪರೀಕ್ಷಿಸಿ, ಒಂದನ್ನು ಹಿಡಿದು ಚೀಪುತ್ತಿದ್ದ.

"ಮ್ಯಾಚು ಯಾವತ್ತು ಉಮರಾಕ?" ಲಿಫ್ಟಿನಲ್ಲಿ ಪೂವಪ್ಪ ಕೇಳಿದ.

"ಶನಿವಾರ," ಎಂದ ಉಮರಬ್ಬ. ಮ್ಯಾಚು ಇದ್ದದ್ದು ಶುಕ್ರವಾರ.

ಆ ದಿನ ಮಗ ಅಶ್ರಫ್ ಸೊಹಾರಿನಲ್ಲಿ ಡ್ಯೂಟಿಯಲ್ಲಿದ್ದ, ಸೊಸೆ ಆಫಿಯಾ ಕ್ಲಿನಿಕ್ಕಿನಲ್ಲಿ. ಬಿರಿಯಾನಿಯ ಈರುಳ್ಳಿ ಹೆಚ್ಚುತ್ತಿದ್ದ ಹೆಂಡತಿ ಲೈಲಾ, "ನೀವೊಬ್ರೇ ಸುಧಾರಿಸ್ತೀರಾ?" ಎಂದಳು.

"ನಾನು ವಿಕೆಟ್ ಕೀಪರ್ ಆಗಿದ್ದವ, ಮಾರಾಯ್ತಿ. ಕೈಗೆ ಬಂದದ್ದು ಬಿಟ್ಟವನಲ್ಲ."

"ಆ ಮ್ಯಾಚುಗಳನ್ನು ನಾನೂ ನೋಡಿದ್ದೇನೆ," ಎಂದಳು ಲೈಲಾ.

ಹುಲ್ಲಿನ ದಿಬ್ಬದ ಮೇಲೆ ಚಾಪೆ ಹಾಸಿ, ಮಗುವಿಗೆ ಕೆಂಪು ಟೊಪ್ಪಿ ತೊಡಿಸಿ, ಹದಿನಾಲ್ಕು ಸೆಲ್ಫಿ ತೆಗೆದು ಉಮರಬ್ಬ ಸುಖವಾಗಿದ್ದ. ಚಪ್ಪಾಳೆ ಮಾತ್ರ ಆಗಿರಲಿಲ್ಲ. ಹನ್ನೊಂದೂವರೆಗೆ ಅಕ್ಕಪಕ್ಕದವರು ಒಬ್ಬೊಬ್ಬರೇ ಎದ್ದು ಚಪ್ಪಲಿ ಹುಡುಕತೊಡಗಿದರು.

"ಎಲ್ಲಿಗೆ ಭಾಯ್?"

"ಜುಮಾಕ್ಕೆ."

ಉಮರಬ್ಬ ಮಗುವನ್ನೆತ್ತಿಕೊಂಡು ತಾನೂ ಎದ್ದ. ಪೂವಪ್ಪನನ್ನು ತಪ್ಪಿಸುವ ಗಡಿಬಿಡಿಯಲ್ಲಿ, ಶುಕ್ರವಾರದ ಒಂದು ಜುಮಾ ನಮಾಜನ್ನೂ ಬಿಡದವನು ಅದನ್ನೇ ಮರೆತಿದ್ದ. ಮಗುವನ್ನು ಮಸೀದಿಗೆ ಒಯ್ಯೋಣವೆಂದರೆ, ಕಳೆದ ಈದಿನಂದು ಅದು ಮುಂದಿನ ಸಾಲಿನ ಒಮಾನಿ ಹಿರಿಯರ ಟೊಪ್ಪಿ ಕಿತ್ತು ಬಾಯಿಗೆ ಹಾಕಿದ್ದು ನೆನಪಾಯಿತು. ಲೈಲಾಳನ್ನು ಕರೆಯೋಣವೆಂದರೆ ಅವಳಿಗೆ ಕಾರು ಓಡಿಸಲು ಬಾರದು. ನಮಾಜಿಗೆ ಹೋಗಬೇಕಿಲ್ಲದ, ಸಿನಾನನನ್ನು ಅಳಿಸದೆ ಕೂರಿಸಿಕೊಳ್ಳಬಲ್ಲ ಒಬ್ಬನೇ ಒಬ್ಬ ಮನುಷ್ಯ ಇಡೀ ಮಸ್ಕತ್ತಿನಲ್ಲಿದ್ದ.

ಉಮರಬ್ಬ ಫೋನ್ ತೆಗೆದ.

ಗುಡ್ಡದ ರಸ್ತೆ ಇಳಿದು ಇಪ್ಪತ್ತೇ ನಿಮಿಷದಲ್ಲಿ ಪೂವಪ್ಪ ಹಾಜರು. "ಶನಿವಾರ ಅಂದಿದ್ರಲ್ಲ?"

"ಬದಲಾಯ್ತು ಪೂವಪ್ಪಣ್ಣ."

"ಯಾವಾಗ?"

"ಈಗ."

ಮಗು ಆಗಲೇ ಅವನ ತೋಳಿಗೆ ಜಿಗಿದಾಗಿತ್ತು.

ಮಸೀದಿಯಲ್ಲಿ ಖುತ್ಬಾ ಪ್ರವಚನ ನೆರೆಯವರ ಹಕ್ಕುಗಳ ಬಗ್ಗೆ. ಉಮರಬ್ಬ ತಲೆ ತಗ್ಗಿಸಿ ಕೇಳಿದ. ಅಷ್ಟರಲ್ಲಿ ಮೈದಾನದ ಕಡೆಯಿಂದ ಹೋ ಎಂಬ ಕೂಗು. ವಿಕೆಟ್! ಈಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮಗು ನೋಡುತ್ತದೆ, ಪೂವಪ್ಪನ ಮಡಿಲಲ್ಲಿ ಕೂತು ನೋಡುತ್ತದೆ... ನಮಾಜಿನ ಕೊನೆಯ ಸಲಾಂ ಮುಗಿದದ್ದೇ, ಎಡಗಾಲಿಗೆ ಯಾರದೋ ಚಪ್ಪಲಿ ಸಿಕ್ಕಿಸಿಕೊಂಡು ಓಡಿದ.

ಸಿನಾನ್ ಪೂವಪ್ಪನ ಮಡಿಲಲ್ಲಿ ಪಟಪಟ ಚಪ್ಪಾಳೆ ತಟ್ಟುತ್ತಿದ್ದ.

"ಈಗ ಶುರು ಮಾಡಿದ್ದಷ್ಟೇ ಉಮರಾಕ, ನಿಮ್ಮನ್ನು ಕಂಡದ್ದೇ!" ಎಂದ ಪೂವಪ್ಪ.

ಪಕ್ಕದ ಚಾಪೆಯ ಗುಜರಾತಿ ಹೆಂಗಸು ನಗುತ್ತ ಹಿಂದಿಯಲ್ಲಿ ಹೇಳಿದಳು: "ಎಷ್ಟು ಚಂದ ತಟ್ಟುತ್ತಾನೆ! ಅರ್ಧ ಗಂಟೆಯಿಂದ ನಿಲ್ಲಿಸಿಯೇ ಇಲ್ಲ."

ಪೂವಪ್ಪ ಸ್ಕೋರ್‌ಬೋರ್ಡ್ ನೋಡಿದ. ಉಮರಬ್ಬನೂ ಚಾಪೆಯ ಮೇಲೆ ಕೂತು ಅದನ್ನೇ ನೋಡಿದ. ಆಗಲೇ ಲೈಲಾಳ ವಿಡಿಯೋ ಕಾಲ್ ಬಂತು.

"ಅಲ್ಲಾಹ್, ಚಪ್ಪಾಳೆ ತಟ್ತಾ ಇದ್ದಾನೆ! ಮೊದಲು ಯಾರ ಮಡಿಲಲ್ಲಿ ತಟ್ಟಿದ್ದು?"

ಉಮರಬ್ಬ ಬಾಯಿ ತೆರೆಯುವ ಮೊದಲೇ ಪೂವಪ್ಪ ಮಗುವನ್ನು ಎತ್ತಿ ಅವನ ಮಡಿಲಿಗಿಟ್ಟು, "ಅಜ್ಜನ ಮಡಿಲಲ್ಲೇ ಲೈಲಕ್ಕ, ನಾನು ಕಣ್ಣಾರೆ ನೋಡಿದೆ," ಎಂದ. ಲೈಲಾ ತಕ್ಷಣ ನಂಬಿದಳು.

ತನ್ನ 'ಶನಿವಾರ' ಮ್ಯಾಚು ಶುರುವಾದ ಮೇಲೆ ಎರಡು ಗಂಟೆಯೂ ಬಾಳಲಿಲ್ಲ. ಸುಳ್ಳು ಹೇಳುವುದರಲ್ಲೂ ಈ ಮನುಷ್ಯ ತನಗಿಂತ ಎಷ್ಟು ಸಲೀಸು ಎಂದು ಉಮರಬ್ಬನ ಹೊಟ್ಟೆ ಮತ್ತೊಮ್ಮೆ ಚುರ್ರೆಂದಿತು.