ಮಗ್ಗ ಮುಟ್ಟದ ಹುಸೇನಬಿ

ಹುಬ್ಬಳ್ಳಿಯಿಂದ ಹೊರಟಾಗ ನನ್ನ ಚೀಲದಲ್ಲಿ ಎರಡು ಸೀರೆ, ಒಂದಿಷ್ಟು ಹತ್ತಿ ನೂಲು. ತಲೆಯ ತುಂಬ ಸಿಟ್ಟು. ನಾನು ಹುಡುಗಿಯರ ಶಾಲೆಯೊಂದರಲ್ಲಿ ಕೈಗೆಲಸದ ಶಿಕ್ಷಕಿ. ನಮ್ಮಲ್ಲಿ ನೇಯ್ಗೆಯ ಪಿರಿಯಡ್ಡು ಇತ್ತು, ಮಗ್ಗ ಇರಲಿಲ್ಲ. ಕೇಳಿ ಕೇಳಿ ನನ್ನ ಬಾಯಿ ಒಣಗಿದ ಮೇಲೆ ಆಡಳಿತ ಮಂಡಳಿಯ ಹಿರಿಯರು ತೀರ್ಮಾನ ಕೊಟ್ಟರು: ಮಗ್ಗವಿಲ್ಲದೆ ನೇಯ್ಗೆ ಎಲ್ಲಿಯದು? ದಸರೆ ರಜೆ ಮುಗಿದ ಮೇಲೆ ಆ ಹೊತ್ತಿನಲ್ಲಿ ಹುಡುಗಿಯರು ಹಪ್ಪಳ, ಸಂಡಿಗೆ ಕಲಿಯಲಿ, ಮುಂದೆ ಗಂಡನ ಮನೆಯಲ್ಲಿ ಉಪಯೋಗವಾಗುತ್ತದೆ. ಮಗ್ಗವಿಲ್ಲದೆಯೇ ನೇಯಿಸುತ್ತೇನೆ ಎಂದುಬಿಟ್ಟೆ. ಸುಮ್ಮನೆ ಅಂದದ್ದಲ್ಲ. ಶಲವಡಿಯ ಒಬ್ಬ ವಿದ್ಯಾರ್ಥಿನಿಯ ಚೀಲಕ್ಕೆ ಕೆಂಪು ಕಪ್ಪು ಗೆರೆಗಳ ಚೆಂದದ ಪಟ್ಟಿಯೊಂದಿತ್ತು. ಅದನ್ನು ತಮ್ಮೂರ ಹುಸೇನಬಿ ಸೊಂಟಕ್ಕೆ ದಾರ ಕಟ್ಟಿಕೊಂಡು ನೇಯ್ದರೆಂದು ಆ ಹುಡುಗಿ ಹೇಳಿದ್ದಳು.

ಬೆಳಗಿನ ಗದಗ ರೈಲು ಹಿಡಿದು ಅಣ್ಣಿಗೇರಿಯಲ್ಲಿ ಇಳಿದೆ. ಚಹಾ ಕೆಟ್ಟದಾಗಿತ್ತು, ಮಿರ್ಚಿ ಬಿಸಿಯಾಗಿತ್ತು. ತುರ್ತು ಪರಿಸ್ಥಿತಿಯ ದಿನಗಳಾದ್ದರಿಂದ ಶಲವಡಿ ಬಸ್ಸಿನೊಳಗೆ ‘ಮಾತು ಕಡಿಮೆ, ಹೆಚ್ಚು ದುಡಿಮೆ’ ಎಂದು ಹೊಸ ಬಣ್ಣದಲ್ಲಿ ಬರೆಸಿದ್ದರು. ಅದರ ಕೆಳಗೇ ಕುಳಿತು ಇಡೀ ಬಸ್ಸು ಗಂಟಲು ಹರಿಯುವಂತೆ ಮಾತಾಡುತ್ತಿತ್ತು. ಎಲ್ಲಿಗೆ, ಯಾಕೆ ಎಂದು ಕೇಳಿದವರಿಗೆಲ್ಲ ನೇಯ್ಗೆ ಕಲಿಯಲು ಎಂದು ನಾನೂ ಜೋರಾಗಿಯೇ ಹೇಳಿದೆ. ರಾತ್ರಿಯ ಮಳೆಗೆ ಎರೆಮಣ್ಣು ನೆನೆದಿತ್ತು. ಊರು ಇನ್ನೊಂದು ಮೈಲಿ ಇದೆ ಎನ್ನುವಾಗ ಬಸ್ಸು ಕೆಸರಿನಲ್ಲಿ ಹೂತು ನಿಂತಿತು. ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿ ಹೊಲದ ಬದುವಿನ ಮೇಲೆ ನಡೆದೆ.

ಹುಸೇನಬಿ ನಡುವಯಸ್ಸಿನ ಎತ್ತರದ ಹೆಂಗಸು, ದನಿ ಇನ್ನೂ ಎತ್ತರ. ಬಂದ ಕಾರಣ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಲಗ್ನ ಆಗೇತೇನ್ರಿ ಅಕ್ಕೋರ?"

ಇಲ್ಲವೆಂದೆ.

"ಹಂಗಾರ ನೀವೂ ನನ್ನಂಗ ಮಗಳಽ. ಬರ್ರಿ, ಕುಂಡರ್ರಿ."

ಇದರ ಅರ್ಥ ಒಳಗೆ ಕುಳಿತ ಮೇಲೆ ತಿಳಿಯಿತು. ಅವರ ತವರು ನವಲಗುಂದದ ಜಮಖಾನೆ ನೇಯುವ ಮನೆ. ಆ ಮನೆಯಲ್ಲಿ ಸೊಸೆಗೆ ನೇಯ್ಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಮದುವೆಯಾಗಿ ಹೋದರೆ ವಿದ್ಯೆಯೂ ಬೇರೆ ಮನೆ ಸೇರುತ್ತದೆ. ಅತ್ತಿಗೆಯ ಬೆನ್ನ ಹಿಂದೆ ನಿಂತು ಹುಸೇನಬಿ ಕಲಿಯುತ್ತಿದ್ದುದು ಗೊತ್ತಾಗಿ, ಮದುವೆಗೆ ಮುಂಚೆ ಮನೆಯವರು ಅಪ್ಪನ ತಲೆಯ ಮೇಲೆ ಕೈ ಇರಿಸಿ ಆಣೆ ಮಾಡಿಸಿಕೊಂಡರಂತೆ: ಮಗ್ಗ ಮುಟ್ಟುವುದಿಲ್ಲ. ಹುಸೇನಬಿ ಮುಟ್ಟಿಲ್ಲ. ಅಲೆಮಾರಿ ಮುದುಕಿಯೊಬ್ಬಳು ಮಗ್ಗವಿಲ್ಲದೆ ಪಟ್ಟಿ ನೇಯುವುದನ್ನು ನೋಡಿ, ಅದನ್ನೇ ಹಿಡಿದುಕೊಂಡರು. ಆದರೂ ತವರಿನ ಕಣ್ಣಿಗೆ ಬೀಳಬಾರದೆಂದು ಬಾಗಿಲು ಎಳೆದುಕೊಂಡು ಒಳಪಡಸಾಲೆಯಲ್ಲಿ ಕುಳಿತೇ ನೇಯುತ್ತಿದ್ದರು.

ಹಾಸಿನ ಉದ್ದ ಎಳೆಗಳ ಒಂದು ತುದಿಯನ್ನು ಕಂಬಕ್ಕೆ ಕಟ್ಟಿದರು. ಇನ್ನೊಂದು ತುದಿ ಒಂದು ಕೋಲಿಗೆ, ಆ ಕೋಲಿನಿಂದ ಅಗಲವಾದ ಗೋಣಿಪಟ್ಟಿ ನನ್ನ ಸೊಂಟದ ಸುತ್ತ. ನಡುವೆ ಗೇಣಗಲದ ಹಣಿಗೆ: ಬಿದಿರಿನ ಸೀಳುಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ಕೆಳಗೆ ಬಿಗಿದದ್ದು, ಪ್ರತಿ ಸೀಳಿಗೂ ಕಾಸಿದ ದಬ್ಬಣದಿಂದ ಸುಟ್ಟ ಒಂದು ತೂತು. ಒಂದು ಎಳೆ ತೂತಿನಲ್ಲಿ, ಮುಂದಿನದು ಸಂದಿಯಲ್ಲಿ. ಹಣಿಗೆ ಎತ್ತಿದರೆ ತೂತಿನ ಎಳೆಗಳು ಮೇಲೇಳುತ್ತವೆ, ಒತ್ತಿದರೆ ಇಳಿಯುತ್ತವೆ, ಸಂದಿಯವು ಇದ್ದಲ್ಲೇ ಇರುತ್ತವೆ. ಹಾಗೆ ತೆರೆದ ಬಾಯಿಯಲ್ಲಿ ಹೊಕ್ಕಿನ ಅಡ್ಡನೂಲು ತೂರಿಸಿ ಬಡಿಯಬೇಕು. ಹಿಂದೆ ಒರಗಿದರೆ ಹಾಸು ಬಿಗಿ, ಮುಂದೆ ಬಾಗಿದರೆ ಸಡಿಲು. ಕೇಳಲು ಸುಲಭ. ನನ್ನ ಪಟ್ಟಿ ನಾಲ್ಕು ಬೆರಳಗಲ ಶುರುವಾಗಿ ಎರಡು ಬೆರಳಿಗೆ ಇಳಿಯಿತು.

"ಸಿಟ್ಟ ದಾರದ ಮ್ಯಾಲ ತಗೀಬ್ಯಾಡ್ರಿ," ಎಂದರು ಹುಸೇನಬಿ. "ಇಲಿ ಬಾಲ ಆಗತೈತಿ."

ಬಿಚ್ಚಿದೆ, ಮತ್ತೆ ನೇಯ್ದೆ. ರಾತ್ರಿ ಅವರ ಮನೆಯಲ್ಲೇ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಮಲಗಿದೆ. ಲಿಂಗವಂತರ ಮನೆಯವಳು ಅಲ್ಲಿ ಉಂಡಳೇ ಎಂದು ಹುಬ್ಬೇರಿಸುವವರು ಧಾರಾಳವಾಗಿ ಏರಿಸಲಿ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅಂಚು ನೆಟ್ಟಗಾಗತೊಡಗಿತ್ತು. ಆಗ ಅವರ ಅಣ್ಣ ಬಂದರು. ಬಸ್ಸಿನಲ್ಲಿ ನಾನು ಆಡಿದ ಮಾತು ನವಲಗುಂದ ಮುಟ್ಟುವಷ್ಟರಲ್ಲಿ, ತಂಗಿ ದೊಡ್ಡ ಮಗ್ಗ ಹಾಕಿ ಊರೂರಿನವರಿಗೆ ಕಲಿಸುತ್ತಿದ್ದಾಳೆ ಎಂದಾಗಿತ್ತು. ಮಗ್ಗ ಕಿತ್ತು ಒಯ್ಯಲು ಅವರು ಎತ್ತಿನ ಚಕ್ಕಡಿಯನ್ನೇ ಹೂಡಿಕೊಂಡು ಬಂದಿದ್ದರು. ಎದ್ದು ನಿಲ್ಲೋಣವೆಂದರೆ ನಾನು ಕಂಬಕ್ಕೆ ಕಟ್ಟಿದ ಎಮ್ಮೆ. ಸೆರಗು ಸರಿಮಾಡಿಕೊಂಡು ಕುಳಿತೇ ನಮಸ್ಕಾರ ಅಂದೆ. ಅವರು ಕೋಣೆ, ಅಟ್ಟ, ಹಿತ್ತಿಲು ಎಲ್ಲ ನೋಡಿ ಬಂದರು. ಅಣ್ಣ ತಂಗಿ ಮನೆಯ ಹಿಂದೂಸ್ತಾನಿಯಲ್ಲಿ ಜಗಳ ತೆಗೆದು, ನನಗೂ ತಿಳಿಯಲೆಂದು ಕನ್ನಡಕ್ಕೆ ಹೊರಳಿದರು.

"ಮಗ್ಗ ಎಲ್ಲೈತಿ?"

"ಇಲ್ಲೇ ಕುಂತೈತಲ್ಲ ಭಾಯಿ," ಎಂದು ಹುಸೇನಬಿ ನನ್ನತ್ತ ಕೈ ಮಾಡಿದರು. "ಅಕ್ಕೋರ ಸೊಂಟ, ನನ್ನ ಗಂಡನ ಮನಿ ಕಂಬ. ಚಕ್ಕಡಿಗೆ ಹೇರ್ಕೊಂಡ ಹೋಗ."

ಆ ಮನುಷ್ಯ ಗೋಡೆಗೆ ಒರಗಿ ಕುಳಿತುಬಿಟ್ಟರು. ಕೆಟ್ಟವರಲ್ಲ. ಆ ಕಸುಬಿನಿಂದಲೇ ತಮ್ಮ ಮನೆ ನಡೆಯಬೇಕು, ಅದೇ ಬೀದಿಗೆ ಬಿದ್ದರೆ ಹೇಗೆ ಎಂದು ನನ್ನನ್ನೇ ಕೇಳಿದರು. ನಿಮ್ಮ ಜಮಖಾನೆಯ ನವಿಲು, ಹೂಬಳ್ಳಿಯ ಚಿತ್ತಾರ ನನಗೆ ಬೇಡ, ಎಳೆಗೆ ಎಳೆ ಸೇರಿಸುವುದು ಯಾರ ಮನೆಯ ಸ್ವತ್ತೂ ಅಲ್ಲ ಎಂದೆ. ಕೊನೆಗೆ ಅವರು ಕೈ ಮುಗಿದರು.

"ಒಂದ ಮಾತ ಕೊಡ್ರಿ ಅಕ್ಕೋರ. ಸೊಸ್ತ್ಯಾರಿಗಷ್ಟ ಕಲಸ್ತೀನಿ ಅನ್ರಿ."

"ನನ್ನ ಸಾಲ್ಯಾಗ ಸೊಸ್ತ್ಯಾರು ಒಬ್ಬರೂ ಇಲ್ರಿ," ಎಂದೆ. "ಎಲ್ಲಾರೂ ಮಗಳಂದಿರು. ಅವರಿಗೇ ಕಲಸಾಕಿ ನಾನು."

ಕಲಿಸುತ್ತಿದ್ದೇನೆ. ಈಗ ನನ್ನ ಹುಡುಗಿಯರು ಕಿಟಕಿಯ ಸರಳಿಗೆ ಹಾಸು ಕಟ್ಟಿ ಸಾಲಾಗಿ ಕೂರುತ್ತಾರೆ. ಮಂಡಳಿಯ ಹಿರಿಯರು ಬಾಗಿಲಲ್ಲಿ ಒಮ್ಮೆ ಇಣುಕಿ ಹೋದರು. ಹಪ್ಪಳದ ಸುದ್ದಿ ಮತ್ತೆ ಬರಲಿಲ್ಲ.

ಅವತ್ತು ಶಲವಡಿಯಿಂದ ಹೊರಡುವಾಗ ಬಸ್ಸು ಇನ್ನೂ ಕೆಸರಿನಲ್ಲೇ ಇತ್ತು. ನವಲಗುಂದದಿಂದ ಹುಬ್ಬಳ್ಳಿಗೆ ಬಸ್ಸು ಸಿಗುತ್ತದೆ, ಬರುವುದಾದರೆ ಬನ್ನಿ ಎಂದು ಅಣ್ಣನೇ ಚಕ್ಕಡಿಯಲ್ಲಿ ಗೋಣಿತಾಟು ಹಾಸಿಕೊಟ್ಟರು. ಹುಸೇನಬಿ ಕೊಟ್ಟ ಹಣಿಗೆಯನ್ನು ಮುಚ್ಚಿಡದೆ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅಣ್ಣ ಅದನ್ನು ನೋಡಿಯೂ ಎತ್ತುಗಳನ್ನು ಮುಂದಕ್ಕೆ ಹೊಡೆದರು. ಓಣಿ ತಿರುಗುವಾಗ ಇಬ್ಬರೂ ಒಟ್ಟಿಗೆ ಹಿಂದೆ ನೋಡಿದೆವು. ಹುಸೇನಬಿ ಒಳಗಿನ ಕಂಬದಿಂದ ಹಾಸು ಬಿಚ್ಚಿ ತಂದು, ಹೊರಕಟ್ಟೆಯ ಕಂಬಕ್ಕೆ ಕಟ್ಟಿ, ಬೀದಿಗೆ ಮುಖ ಮಾಡಿ ನೇಯಲು ಕುಳಿತಿದ್ದರು.